ಪಂಚಪ್ಪ ಬರೆದ ರಜಾ ಅರ್ಜಿ

ಅರ್ಜಿ ಬರೆಯುವುದರಲ್ಲಿ ಪಂಚಪ್ಪನದು ಎತ್ತಿದ ಕೈ. ಗದಗಿನ ಕಡೆಯವನು. ಇಸವಿ ಎಪ್ಪತ್ತೆಂಟರ ಸುಮಾರಿಗೆ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಟೆಂಪರರಿ ಕೆಲಸ, ಮತ್ತಿಕೆರೆಯಲ್ಲಿ ಬಾಡಿಗೆ ಕೋಣೆ. ಮಿಷನ್ ಮುಂದೆ ಅವನು ಅಷ್ಟಕ್ಕಷ್ಟೆ. ಆದರೆ ಯಾರಿಗೆ ರಜಾ ಬೇಕಾದರೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

"ಉದ್ದ ಬರೀಬ್ಯಾಡ್ರಿ. ಮೊದಲನೇ ಸಾಲಿನಾಗ ಸಾಹೇಬ್ರಿಗೆ ಅಳು ಬರಬೇಕು, ಎರಡನೇದರಾಗ ರಜಾ ಕೇಳಬೇಕು," ಎಂದು ಪಾಠ ಬೇರೆ ಹೇಳುತ್ತಿದ್ದ. ಅರ್ಜಿಯ ಜೊತೆಗಿಡಲು ಊರಿಂದ 'ತಾಯಿ ಸೀರಿಯಸ್, ಕೂಡಲೇ ಹೊರಡು' ಎಂದು ತಂತಿ ತರಿಸಿಕೊಳ್ಳುವ ಉಪಾಯವೂ ಅವನದೇ. ಹಬ್ಬ ಬಂತೆಂದರೆ ಅವನು ಕೆಲಸ ಮಾಡುವ ಶೆಡ್ಡಿನವರ ತಾಯಂದಿರೆಲ್ಲ ಒಟ್ಟಿಗೆ ಹಾಸಿಗೆ ಹಿಡಿಯುತ್ತಿದ್ದರು. ಪುಣ್ಯಾತ್ಗಿತ್ತಿಯರು, ಹಬ್ಬ ಮುಗಿಯುತ್ತಲೇ ಎದ್ದು ಓಡಾಡುತ್ತಿದ್ದರು!

ದೀಪಾವಳಿ ಹತ್ತಿರವಿದ್ದಾಗ ಪಂಚಪ್ಪನಿಗೇ ತಂತಿ ಬಂತು. ಅವನು ಯಾರಿಗೂ ಹೇಳಿ ಕಳಿಸಿರಲಿಲ್ಲ. ಊರಲ್ಲಿದ್ದ ಅಣ್ಣ ತಾನಾಗಿ ಕೊಟ್ಟದ್ದು. ಅವೇ ಮಾತುಗಳು. ಓದಿದವನೇ ಅದನ್ನು ಹಿಡಿದುಕೊಂಡು ಆಫೀಸಿಗೆ ಓಡಿದ.

ರಜಾ ಮಂಜೂರು ಮಾಡುವ ಆಫೀಸರ್ ಮುನಿಗಂಗಪ್ಪ ತಂತಿ ನೋಡಿ ನಕ್ಕರು. "ಏನ್ ಪಂಚಪ್ಪ, ಈ ಸಲ ನಿಮ್ ತಾಯಿ ಸರದಿನಾ?"

"ಖರೇನ ಐತ್ರಿ ಸರ. ಅವ್ವನ ಆಣಿ."

"ಇಂಥವು ಬೇಕಾದಷ್ಟು ಬಂದಿವೆ ಕಣ್ರೀ. ಎಲ್ರಿಗೂ ಕೊಟ್ರೆ ಮಿಷನ್ ನಾನ್ ನಡೆಸ್ಲಾ? ಹೇಳ್ದೆ ಹೋದ್ರೆ ವಾಪಸ್ ಬರೋದೇ ಬೇಡ."

ಪಂಚಪ್ಪ ಊಟ ಬಿಟ್ಟು ಅರ್ಜಿ ಬರೆಯಲು ಕೂತ. ಬರೆದ, ಹರಿದ, ಮತ್ತೆ ಬರೆದ. ಒಳ್ಳೊಳ್ಳೆಯ ಸಾಲುಗಳೆಲ್ಲ ಮುಗಿದುಹೋಗಿದ್ದವು. 'ಹೆತ್ತವಳ ಕೊನೆಯ ದರ್ಶನ' ಎಂಬುದನ್ನು ಪಕ್ಕದ ಮಿಷನ್ನಿನ ಜಾಫರ್‌ನ ಭಾವಮೈದನ ಮದುವೆಗೆ ಖರ್ಚು ಮಾಡಿಯಾಗಿತ್ತು. ಮಾಡಿದ್ದುಣ್ಣೋ ಮಹಾರಾಯ! ಆದರೆ ಪಾಪ, ಉಣ್ಣಬೇಕಾದವಳು ಅಲ್ಲಿ ಅವ್ವ.

ಸಾವಿನ ರಜೆಗೆ ಸಾಕ್ಷಿ ಕೇಳಬಾರದೆಂಬುದು ಆ ಆಫೀಸಿನ ಮರ್ಯಾದೆ. ಪಂಚಪ್ಪ ಕೂಡ ಆ ಸುಳ್ಳನ್ನು ಯಾರಿಗೂ ಬರೆದುಕೊಟ್ಟಿರಲಿಲ್ಲ. ಈಗ ಹೊಸ ಹಾಳೆ ತೆಗೆದು 'ನನ್ನ ತಾಯಿ ಇಂದು ತೀರಿಕೊಂಡರು' ಎಂದು ಬರೆದ. 'ಬಿಡ್ತು, ಬಿಡ್ತು' ಎಂದು ಬಾಯಲ್ಲೇ ಅಂದುಕೊಂಡ. ಆದರೂ ಬರೆದದ್ದನ್ನು ಹೊಡೆದುಹಾಕಲಿಲ್ಲ.

ಮುನಿಗಂಗಪ್ಪ ಓದಿ ಎದ್ದು ನಿಂತರು. "ತಪ್ಪಾಯ್ತು ಪಂಚಪ್ಪ. ಮೊದ್ಲು ಹೊರಡಿ," ಎಂದು ಸಹಿ ಹಾಕಿ ಹೆಗಲು ಮುಟ್ಟಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವನಿಗೆ. ದಾರಿಯುದ್ದಕ್ಕೂ ರೈಲಿನಲ್ಲಿ ಕಂಡ ಕಂಡ ದೇವರಿಗೆ ತಪ್ಪುಕಾಣಿಕೆ ಹೇಳಿಕೊಂಡ.

ಮರುದಿನ ಊರು ಮುಟ್ಟಿದಾಗ ಮನೆಯ ಮುಂದೆ ಮಂದಿ ಸೇರಿರಲಿಲ್ಲ. ಓಡಿ ಒಳಹೊಕ್ಕ. ಅವ್ವ ಗೋಡೆಗೆ ಒರಗಿ ಕಷ್ಟಪಟ್ಟು ಉಸಿರಾಡುತ್ತಿದ್ದಳು. ಮಗನನ್ನು ನೋಡಿ ಅವಳ ಮುಖ ಅರಳಿತು.

"ರಜಾ ಕೊಟ್ಟರೇನಪಾ?"

"ಹೂನವ್ವಾ."

"ನೀ ಬರದ ಮ್ಯಾಲೆ ಯಾರು ಇಲ್ಲಂತಾರ?" ಅವಳಿಗೆ ಹೆಮ್ಮೆ. "ಏನಂತ ಬರದಿ? ಹೇಳಪಾ."

ಪಂಚಪ್ಪ ಅವಳ ಅಂಗೈಯಲ್ಲಿ ಮುಖವಿಟ್ಟು ಗೊಳೋ ಎಂದು ಅತ್ತ. ಅವಳು ಅವನ ತಲೆ ನೇವರಿಸುತ್ತ, ಏನಂತ ಬರದಿ ಎಂದು ಮತ್ತೆ ಮತ್ತೆ ಕೇಳುತ್ತಲೇ ಇದ್ದಳು.