ಅಡೆ ಕೋಣೆಯ ಶಾಖ

ಲಿಫ್ಟಿನ ಬಾಗಿಲು ಮುಚ್ಚಿಕೊಂಡೊಡನೆ ನನಗೆ ಮಾವಿನಹಣ್ಣಿನ ವಾಸನೆ ಬರುತ್ತದೆ. ಹೀಗೆಂದರೆ ಜನ ನನ್ನ ಮೂಗನ್ನು ನೋಡುತ್ತಾರೆ. ನೋಡಬೇಕಾದದ್ದು ಶ್ರೀನಿವಾಸಪುರದ ನಮ್ಮ ಹಳೆಯ ಮನೆಯ ಅಡೆ ಕೋಣೆಯನ್ನು.

ಆ ಕೋಣೆಯಲ್ಲಿ ಹುಲ್ಲು ಹಾಸಿ, ಕಾಯಿ ಜೋಡಿಸಿ, ಮೇಲೆ ಮತ್ತೆ ಹುಲ್ಲು ಹೊದಿಸಿ ಹಣ್ಣಾಗಲು ಬಿಡುತ್ತಿದ್ದರು. ಕಿಟಕಿಯಿಲ್ಲ. ದೊಡ್ಡವರ ಕಾಲಿಗೆ ಸಿಕ್ಕಿ ಕಾಯಿ ನಜ್ಜಾಗಬಾರದೆಂದು, ಹಣ್ಣು ಆರಿಸಿ ತರುವ ಕೆಲಸ ಮಕ್ಕಳದು. ನಾವು ಒಳಗೆ ಹೋದೊಡನೆ, ಶಾಖ ಹೋಗದಿರಲೆಂದು ಅಮ್ಮ ಹೊರಗಿನಿಂದ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಆಮೇಲೆ ಕಣ್ಣಿಗೆ ಕೆಲಸವಿಲ್ಲ. ಕೈಗೆ, ಮೂಗಿಗೆ ಮಾತ್ರ. ಹುಲ್ಲಿನೊಳಗೆ ಕೈಯಿಟ್ಟರೆ ಮಲಗಿದ ಪ್ರಾಣಿಯ ಹೊಟ್ಟೆಯಂತೆ ಬೆಚ್ಚಗಿರುತ್ತಿತ್ತು. ಮಕ್ಕಳನ್ನು ಹಿಡಿಯುವ ಗುಮ್ಮ, ನಮ್ಮ ಕಡೆಯ ಬೂಚೋಡು, ಅಲ್ಲಿ ಉಸಿರಾಡುತ್ತಾನೆಂದು ನಂಬಿದ್ದೆ. ಮಾಗುವ ಹಣ್ಣು ಉಸಿರಾಡುತ್ತದೆ, ಆ ಶಾಖ ಅದರದ್ದೇ ಎಂದು ಮುಂದೆ ಕಾಲೇಜಿನಲ್ಲಿ ಓದಿದೆ. ವಿಜ್ಞಾನ ಭಯವನ್ನು ಓಡಿಸುತ್ತದಂತೆ. ನನ್ನ ವಿಷಯದಲ್ಲಿ ಅದು ಬೂಚೋಡಿನ ಪರವಾಗಿ ಸಾಕ್ಷಿ ಹೇಳಿತು.

ಅಕ್ಕ ಮಾತ್ರ ಹೆದರಿದವಳಲ್ಲ. ಎಡಗೈಯಲ್ಲಿ ನನ್ನ ಕೈ ಹಿಡಿದು, ಬಲಗೈಯನ್ನು ಮೊಣಕೈವರೆಗೆ ಹುಲ್ಲಿಗೆ ಇಳಿಸಿ, “ಕೋಳಿ ಕಾವಿಗೆ ಕೂತೈತೆ ಕಣೋ, ಅಷ್ಟೇ” ಅನ್ನುತ್ತಿದ್ದಳು. ನಮ್ಮಿಬ್ಬರ ಅಂಗೈಗಳ ನಡುವೆ ಜಾರುವಷ್ಟು ಬೆವರು, ನನ್ನದು. ಬದುಕಿನಲ್ಲಿ ಎಲ್ಲಿ ಧೈರ್ಯ ಬೇಕಾದರೂ ನಾನು ನೆನೆದದ್ದು ಆ ಬಲಗೈಯನ್ನೇ.

ಮೊನ್ನೆ ಕೋಲಾರದಲ್ಲಿ ನನ್ನ ಬೆನ್ನಿಗೆ ಎಂ.ಆರ್.ಐ. ಸ್ಕ್ಯಾನ್ ಬರೆದುಕೊಟ್ಟರು. ಹಿಂದೊಮ್ಮೆ ಆ ಕೊಳವೆಯೊಳಗೆ ಅರ್ಧ ಹೋಗಿ, ಕಿರುಚಿ ಈಚೆ ಬಂದಿದ್ದೆ. ಕಾಲಿನ ಜೋಮು ದಿನದಿಂದ ದಿನಕ್ಕೆ ಮೇಲೇರುತ್ತಿತ್ತು. ಸ್ಕ್ಯಾನ್ ಆಗದೆ ಡಾಕ್ಟರು ಮುಂದಿನ ಮಾತೇ ಆಡುವಂತಿರಲಿಲ್ಲ. ತಲೆ ನರೆತ ಗಂಡಸಿಗೆ ತಕ್ಕ ಕೆಲಸವನ್ನೇ ಮಾಡಿದೆ: ಅಕ್ಕನಿಗೆ ಫೋನ್ ಮಾಡಿದೆ. ಅವಳು ಬೆಳಗಿನ ಬಸ್ಸಿಗೇ ಬಂದಳು.

ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಕೇಳಿದಳು, “ಏನ್ಲಾ, ಒಳಗೆ ಬೂಚೋಡು ಕೂತವ್ನಾ?”

“ನಿಂಗೇನಕ್ಕಾ, ನೀನು ಯಾವತ್ತೂ ಹೆದರ್ದೋಳಲ್ಲ.”

“ನಾನಾ? ಆ ರೂಮು ಅಂದ್ರೆ ನಂಗೂ ಭಯಾನೇ ಕಣೋ. ಅಂಗೈಯೆಲ್ಲ ನೀರು. ನಿನ್ ಕೈ ಒಣಗಿರ್ತಿತ್ತು, ಅದಕ್ಕೇ ಹಿಡ್ಕೊಂತಿದ್ದೆ. ಕೋಳಿ ಮಾತು ನಿಂಗಲ್ಲ, ನಂಗೇ ಹೇಳ್ಕೊಂಡಿದ್ದು.”

ಬೆಂಚಿನ ಅಂಚು ಹಿಡಿದುಕೊಂಡೆ. ಕೂಡಿದ ಎರಡು ಅಂಗೈಗಳ ನಡುವಿನ ಬೆವರು ಯಾರದೆಂದು ನೆನಪು ಹೇಗೆ ನಿರ್ಧರಿಸಿತೋ! ಭಯವೆಲ್ಲ ನನಗೆ, ಧೈರ್ಯವೆಲ್ಲ ಅವಳಿಗೆ ಎಂದು ಪಾಲು ಹಾಕಿ ಸುಮ್ಮನಾಗಿತ್ತು. ಈಗ ಆ ಹೆದರದ ಹುಡುಗಿಯೇ ಇಲ್ಲ. ಅವಳಿದ್ದ ಜಾಗದಲ್ಲಿ, ನಡುಗುತ್ತಲೇ ಪ್ರತಿ ಸಲವೂ ಮೊದಲು ಕೈ ಇಳಿಸುತ್ತಿದ್ದ ಒಬ್ಬಳು ನಿಂತಿದ್ದಳು. ನಿಧಾನವಾಗಿ ನೋಡಿದೆ. ಇವಳ ಮುಂದೆ ಆ ಹಳೆಯವಳು ಏನೂ ಅಲ್ಲ.

ನನ್ನ ಹೆಸರು ಕೂಗಿದರು. ಕೊಳವೆಯೊಳಗೆ ಕಣ್ಣು ಮುಚ್ಚಿದೆ. ಹಣ್ಣಿನ ವಾಸನೆ ಬಂತು. ಬರಲಿ ಎಂದು ಬಿಟ್ಟೆ. ಯಂತ್ರ ಬಡಿದುಕೊಳ್ಳತೊಡಗಿತು. ಕೋಳಿ ಕಾವಿಗೆ ಕೂತೈತೆ, ಅಷ್ಟೇ ಎಂದುಕೊಂಡೆ. ಸ್ವಲ್ಪ ಜಗಳಗಂಟಿ ಕೋಳಿ. ಆದರೂ ಮುಗಿಯುವವರೆಗೂ ಅಲ್ಲಾಡಲಿಲ್ಲ.

ಹೊರಗೆ ಬಂದಾಗ ಅಕ್ಕ ಎದ್ದು ನಿಂತಿದ್ದಳು. “ಹೆದರ್ಕೊಂಡ್ಯೇನೋ?”

“ಇಲ್ಲ ಕಣಕ್ಕಾ.”

ಅವಳು ನನ್ನ ಅಂಗೈಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಅದೇ ಸೆರಗಿನಲ್ಲಿ ತನ್ನದನ್ನೂ.