ನರದ್ದು, ಮನಸ್ಸಿನದಲ್ಲ

ಸರ್ಪಸುತ್ತು ಬಂದು ಹೋಗಿ ಎಷ್ಟೋ ತಿಂಗಳಾಗಿತ್ತು. ಗುಳ್ಳೆಗಳು ಒಣಗಿ, ಹಕ್ಕಳೆ ಉದುರಿ, ಕಲೆಯೂ ಮಾಸುತ್ತ ಬಂದಿತ್ತು. ಉರಿ ಮಾತ್ರ ಹೋಗಲಿಲ್ಲ. ಬೆನ್ನಿನಿಂದ ಹೊರಟು ಎಡ ಪಕ್ಕೆಯ ಮೇಲೆ ಹಾದು ಎದೆಯ ನಡುವಿಗೆ ಬಂದು ನಿಲ್ಲುವ ಒಂದು ಪಟ್ಟಿ. ಅದರ ಮೇಲೆ ಬಟ್ಟೆ ಸೋಕಿದರೆ ಸಾಕು, ಒಗ್ಗರಣೆಯ ಎಣ್ಣೆ ಸಿಡಿದ ಹಾಗಾಗುತ್ತಿತ್ತು. ವಿಚಿತ್ರವೆಂದರೆ ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದರೆ ತಡೆದುಕೊಳ್ಳಬಹುದಿತ್ತು. ಹಾಗಾಗಿ ನಾನು ಎದೆಯ ಮೇಲೆ ಕೈಯಿಟ್ಟುಕೊಂಡೇ ಓಡಾಡುತ್ತಿದ್ದೆ. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಾರ್ಖಾನೆಯಲ್ಲಿ, "ಏನ್ ಸಾರ್, ಯಾವ್ ಮಂತ್ರಿ ಆಗ್ತಿದೀರಾ, ಪ್ರಮಾಣವಚನ ಶುರು ಮಾಡ್ಕೊಂಡಿದೀರಾ?" ಎಂದು ನಗುತ್ತಿದ್ದರು. ಮೊದಮೊದಲು ನಾನೂ ನಗುತ್ತಿದ್ದೆ.

ಅಲ್ಲಿ ನನ್ನ ಕೆಲಸ, ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವುದು. ಅಳತೆ ಸರಿಯಿದ್ದರೆ ಈ ಟ್ರೇಗೆ, ಇಲ್ಲದಿದ್ದರೆ ಆ ಟ್ರೇಗೆ. ಜೀವಮಾನವಿಡೀ ಅದನ್ನೇ ಮಾಡಿದ ನನಗೆ, ಅಳತೆಗೆ ಸಿಗದ ದೂರು ಹೇಳುವವರನ್ನು ಕಂಡರೆ ಆಗುತ್ತಿರಲಿಲ್ಲ. ಈಗ ನಾನೇ ಅಂಥವನಾಗಿದ್ದೆ. ರಕ್ತ ಸರಿ, ಎಕ್ಸ್‌ರೇ ಸರಿ, ಇಸಿಜಿ ಸರಿ. ರಿಪೋರ್ಟಿನ ಪ್ರಕಾರ ನಾನು ಪಾಸಾದ ಪೀಸು. ನನ್ನ ನೋವನ್ನು ತೋರಿಸಲು ನನ್ನ ಬಾಯಿಮಾತು ಬಿಟ್ಟರೆ ಬೇರೇನೂ ಇರಲಿಲ್ಲ.

ಸಿಂಗಸಂದ್ರದ ಮನೆಯಲ್ಲಿ ನಾನು, ಹೆಂಡತಿ, ಅವ್ವ. ಅವ್ವನ ದುಃಖವೇ ಬೇರೆ. ನನಗೆ ಬುದ್ಧಿ ಬಂದಾಗಿನಿಂದ ಮೈಮೇಲಿದ್ದ ಇಷ್ಟಲಿಂಗವನ್ನು ತೆಗೆದು ದೇವರ ಜಗಲಿಯ ಮೇಲಿಟ್ಟಿದ್ದೆ. ಶಿವದಾರ ಎದೆಗೆ ಸೋಕಿದಾಗಲೆಲ್ಲ, ಲಿಂಗವಿಟ್ಟ ಕರಡಿಗೆ ಅಲುಗಿದಾಗಲೆಲ್ಲ ಜೀವ ಹೋಗುತ್ತಿತ್ತು. ತೋಳಿಗೆ ಕಟ್ಟಿಕೋ ಎಂದಳು ಅವ್ವ. ಕಟ್ಟಿಕೊಂಡೆ, ಕರಡಿಗೆ ಪಕ್ಕೆಗೆ ತಾಗಿ ಅದೂ ಆಗಲಿಲ್ಲ. ಅವಳು ಬೈಯಲಿಲ್ಲ. ದಿನಾ ತನ್ನ ಪೂಜೆ ಮುಗಿದ ಮೇಲೆ ನನ್ನ ಲಿಂಗಕ್ಕೂ ವಿಭೂತಿ ಹಚ್ಚಿ, ಪತ್ರೆ ಏರಿಸಿ, ಸುಮ್ಮನೆ ಅಡುಗೆಮನೆಗೆ ಹೋಗುತ್ತಿದ್ದಳು. ಬೈದಿದ್ದರೇ ವಾಸಿಯಿತ್ತು.

ನೋವಿನ ಜೊತೆ ಇನ್ನೊಂದು ಯಾವಾಗ ಬಂದು ಸೇರಿಕೊಂಡಿತೋ ಗೊತ್ತಾಗಲಿಲ್ಲ. ಸ್ನಾನಕ್ಕೆಂದು ಎದ್ದವನು ಟವೆಲ್ಲು ಹಿಡಿದು ಮಂಚದ ಅಂಚಿನಲ್ಲೇ ಕೂತುಬಿಡುತ್ತಿದ್ದೆ. ಕಾರ್ಖಾನೆಯಲ್ಲಿ ಅಳೆಯುವ ಗೇಜು ಕೈಯಲ್ಲಿರುತ್ತಿತ್ತು, ಈ ಪೀಸು ಪಾಸಾದರೇನು ಬಿದ್ದರೇನು ಅನ್ನಿಸುತ್ತಿತ್ತು. ಎಲ್ಲ ನೋವಿನಿಂದ ಎಂದುಕೊಂಡಿದ್ದೆ. ಒಂದು ಭಾನುವಾರ ಬೆಳಿಗ್ಗೆ ಎದ್ದರೆ ಉರಿಯೇ ಇಲ್ಲ. ಕಾಫಿ ಹಿಡಿದು ಬಾಲ್ಕನಿಯಲ್ಲಿ ನಿಂತೆ. ಈಗ ಖುಷಿಯಾಗಬೇಕಲ್ಲ ಎಂದು ಕಾದೆ. ಏನೂ ಆಗಲಿಲ್ಲ. ಕಾಫಿ ಆರಿ ತಣ್ಣಗಾಯಿತು. ಸಾಯಬೇಕು ಅಂತೇನೂ ಅನ್ನಿಸಲಿಲ್ಲ, ಆದರೆ ನಾಳೆ ಎನ್ನುವುದೊಂದು ಇದೆಯಲ್ಲ, ಅದು ಬೇಡವಾಗಿತ್ತು. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು.

ಹೇಳಿಕೊಳ್ಳೋಣ ಎಂದು ಒಂದೆರಡು ಸಲ ಬಾಯಿತನಕ ಬಂದಿತ್ತು. ಅಷ್ಟರಲ್ಲಿ ಆ ಮಾತ್ರೆ ಮನೆಗೆ ಬಂತು.

ಹೊಸ ಡಾಕ್ಟರು, ನರದ ಕಾಯಿಲೆ ನೋಡುವವರು, ಬರೆದುಕೊಟ್ಟ ಮಾತ್ರೆ ಅದು. ನನ್ನ ಹೆಂಡತಿಗೆ ಒಂದು ಅಭ್ಯಾಸ: ಮನೆಗೆ ಯಾವ ಮಾತ್ರೆ ಬಂದರೂ ಫೋಟೋ ತೆಗೆದು ದಾವಣಗೆರೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ಅಣ್ಣನಿಗೆ ಕಳಿಸುತ್ತಾಳೆ. ಆತ ತಕ್ಷಣ ಫೋನು ಮಾಡಿದ.

"ಇದು ಡಿಪ್ರೆಶನ್ನಿಗೆ ಕೊಡೋ ಗುಳಿಗೆ ಅಲ್ಲೇನವ್ವ?"

ಸ್ಪೀಕರ್ ಹಾಕಿದ್ದಳು. ಮನೆಯೆಲ್ಲ ಕೇಳಿತು. ಅಲ್ಲಿಗೆ ನನ್ನ ನೋವಿನ ಮರ್ಯಾದೆ ಹೋಯಿತು.

"ಹಾಗಾದ್ರೆ ಇಷ್ಟು ದಿನ ಉರಿ ಉರಿ ಅಂದಿದ್ದೆಲ್ಲ... ಮನಸ್ಸಿಗೆ ಹಾಗನ್ಸಿದ್ದಾ ರೀ?" ಎಂದಳು. ಕೊಂಕಿನಿಂದ ಕೇಳಿದ್ದರೆ ತಿರುಗಿ ಜಗಳವಾಡಬಹುದಿತ್ತು. ಅವಳ ಕಣ್ಣಲ್ಲಿ ನೀರಿತ್ತು.

ಅವ್ವ ನನ್ನೆದುರು ಬಂದು ಕೂತಳು. "ಏನ್ ಕಡಿಮಿ ಆಗೇತಪ್ಪ ನಿನಗ? ಮನಿ ಐತಿ, ನೌಕರಿ ಐತಿ, ಇಂಥಾ ಹೆಂಡ್ತಿ ಅದಾಳ. ಮನಸ್ಸು ಗಟ್ಟಿ ಮಾಡ್ಕ. ಲಿಂಗ ಎದಿ ಮ್ಯಾಲಿದ್ರ ಇವೆಲ್ಲ ಬರ್ತಿದ್ದಿಲ್ಲ."

ಅವತ್ತಿನಿಂದ ಎಲ್ಲ ಬದಲಾಯಿತು. ಹಿಂದೆಲ್ಲ ನಾನು ಹಾ ಎಂದರೆ, ಗಾಳಿ ಸೋಕಿ ಉರಿಯುತ್ತಿದೆಯೇನೋ ಎಂದು ಫ್ಯಾನು ಕಡಿಮೆ ಮಾಡಲು ಓಡುತ್ತಿದ್ದ ಹೆಂಡತಿ, ಈಗ "ಅದನ್ನೇ ಯೋಚಿಸ್ಬೇಡಿ, ಎದ್ದು ಒಂದು ರೌಂಡ್ ವಾಕಿಂಗ್ ಹೋಗ್ಬನ್ನಿ" ಎನ್ನುತ್ತಿದ್ದಳು. ಪ್ರೀತಿಯಿಂದಲೇ. ನನಗೋ ಮೈಯೆಲ್ಲ ಸಿಟ್ಟು. ನಿಮ್ಮ ಮನಸ್ಸನ್ನು ಒಂದು ಗಂಟೆ ನನ್ನ ಈ ಪಕ್ಕೆಯೊಳಗೆ ಇಟ್ಟು ನೋಡಿ, ಎಷ್ಟು ಗಟ್ಟಿಯಾಗಿರುತ್ತದೋ ಎಂದು ಕೂಗಬೇಕೆನ್ನಿಸುತ್ತಿತ್ತು. ಕೂಗಿದರೆ ಅದೂ ಮನಸ್ಸಿನ ಲೆಕ್ಕಕ್ಕೇ ಹೋಗುತ್ತಿತ್ತು.

ಹಾಗಾಗಿ ಮರೆಮಾಚಲು ಶುರು ಮಾಡಿದೆ. ಬೇಜಾರು ಕಾಣಿಸಿದರೆ ನೋವು ಸುಳ್ಳಾಗುತ್ತದೆ. ನೋವು ನಿಜ ಎಂದು ಇವರು ನಂಬಬೇಕಾದರೆ ಬೇಜಾರನ್ನು ನುಂಗಬೇಕು. ಇಬ್ಬರಲ್ಲಿ ಒಬ್ಬನನ್ನು ಮಾತ್ರ ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ ಎಂಬಂತಿತ್ತು ನನ್ನ ಸ್ಥಿತಿ. ದಿನಾ ಗಡ್ಡ ಹೆರೆದೆ. ಸೀರಿಯಲ್ ನೋಡುತ್ತ ಅವ್ವ ನಕ್ಕಾಗ ನಕ್ಕೆ. ದಾವಣಗೆರೆಯಿಂದ ಫೋನು ಬಂದರೆ ಮಳೆ ಬೆಳೆ ವಿಚಾರಿಸಿದೆ. ಸುಸ್ತಾಗಿಹೋದೆ.

ಕೊನೆಗೆ, ಡಾಕ್ಟರನ್ನೇ ಕೇಳಿಬಿಡೋಣ ಎಂದು ಹೆಂಡತಿ ಹೊರಟಳು. ಅವ್ವನೂ ಬಂದಳು. ಮೂವರೂ ಡಾಕ್ಟರ ಮುಂದೆ ಸಾಲಾಗಿ ಕೂತೆವು. ಹೆಂಡತಿಯ ಪ್ರಶ್ನೆ ಮುಗಿಯುವವರೆಗೂ ಅವರು ಕೇಳಿಸಿಕೊಂಡರು.

"ಇದನ್ನ ಎರಡಕ್ಕೂ ಕೊಡ್ತೀವಿ ಮೇಡಂ. ಇವರಿಗೆ ಕೊಟ್ಟಿರೋದು ನರಕ್ಕೆ. ಸರ್ಪಸುತ್ತು ಆದ್ಮೇಲೆ ಕೆಲವರಿಗೆ ನರ ಹಾಳಾಗಿ ಈ ಉರಿ ಉಳ್ಕೊಂಡ್ಬಿಡುತ್ತೆ. ಟೆಸ್ಟಲ್ಲಿ ಕಾಣಲ್ಲ. ನೋವು ಮಾತ್ರ ನಿಜ."

ಅವರ ಕಾಲಿಗೆ ಬೀಳಬೇಕೆನ್ನಿಸಿತು.

"ಅಂದ್ರೆ ಮನಸ್ಸಿಗೇನೂ ಆಗಿಲ್ಲ ಅಲ್ವಾ ಡಾಕ್ಟ್ರೇ?" ಎಂದಳು ಹೆಂಡತಿ.

ಅವರು ಅವಳಿಗೆ ಉತ್ತರಿಸದೆ ನನ್ನ ಕಡೆ ತಿರುಗಿದರು. "ಇಂಥ ನೋವಿದ್ದವರಿಗೆ ಡಿಪ್ರೆಶನ್ನೂ ಬರೋದುಂಟು. ಬಂದ್ರೆ ಅದಕ್ಕೂ ಬೇರೆ ಚಿಕಿತ್ಸೆ ಇದೆ, ನಾಚ್ಕೊಳ್ಳೋ ವಿಷಯ ಅಲ್ಲ. ನಿಮಗೆ ಹೇಗಿದೆ? ಯಾವುದ್ರಲ್ಲಾದ್ರೂ ಆಸಕ್ತಿ ಇದ್ಯಾ?"

ಅಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. ಅವ್ವ ಸೆರಗಿನ ತುದಿ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಹೆಂಡತಿಯ ಮುಖದಲ್ಲಿ ಆಗಷ್ಟೇ ಗೆಲುವು ಬಂದಿತ್ತು. ಇವರನ್ನು ಸ್ವಲ್ಪ ಹೊರಗೆ ಕಳಿಸಿ ಎನ್ನಬಹುದಿತ್ತು. ಹಾಗೆಂದರೆ ಅರ್ಧ ಒಪ್ಪಿಕೊಂಡಂತೆಯೇ. ಈಗಷ್ಟೇ ನಿಜವಾದ ನನ್ನ ನೋವು ಮತ್ತೆ ಸುಳ್ಳಾಗುತ್ತದೆ.

"ಚೆನ್ನಾಗಿದೀನಿ ಸಾರ್. ನೋವೊಂದೇ," ಎಂದೆ.

ಅವರು ಒಂದು ಕ್ಷಣ ನನ್ನನ್ನೇ ನೋಡಿ, ಅದೇ ಮಾತ್ರೆಯನ್ನು ಮುಂದುವರಿಸಿ ಎಂದು ಬರೆದುಕೊಟ್ಟರು.

ವಾಪಸ್ಸು ಬರುವಾಗ ಹೆಂಡತಿ ಕಾರು ಓಡಿಸುತ್ತಿದ್ದಳು. ಅಣ್ಣನಿಗೆ ಆಗಲೇ ಫೋನು ಹಚ್ಚಿದ್ದಳು. "ನರದ್ದಂತೆ ಅಣ್ಣಾ, ಮನಸ್ಸಿನದಲ್ಲ. ಡಾಕ್ಟ್ರೇ ಬಾಯಿಬಿಟ್ಟು ಹೇಳಿದ್ರು." ಹಿಂದಿನ ಸೀಟಿನಲ್ಲಿ ಅವ್ವ "ಶಿವಾ" ಎಂದು ನಿಟ್ಟುಸಿರುಬಿಟ್ಟಳು. ಹೊಸೂರು ರೋಡಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ನನ್ನ ಕಣ್ಣಿಂದ ನೀರು ಇಳಿಯತೊಡಗಿತು. ತಡೆಯಲು ನೋಡಿದೆ, ಆಗಲಿಲ್ಲ.

ಹೆಂಡತಿ ತಿರುಗಿ ನೋಡಿದಳು. "ರೀ, ನೋವಾ?"

"ಹೂಂ," ಎಂದೆ.

ಸಿಗ್ನಲ್ಲು ಬಿಟ್ಟಿದ್ದೇ ತಡ, ಸರ್ವಿಸ್ ರೋಡಿಗೆ ಇಳಿಸಿ ಕಾರು ನಿಲ್ಲಿಸಿದಳು. ಎದೆಗೆ ತಗುಲದ ಹಾಗೆ ಹುಷಾರಾಗಿ ನನ್ನ ಸೀಟ್ ಬೆಲ್ಟು ಬಿಚ್ಚಿದಳು. "ನಿಮ್ಮನ್ನ ನಂಬ್ಲಿಲ್ವಲ್ರೀ ನಾನು," ಎಂದು ಅತ್ತಳು. ಅವ್ವ ಹಿಂದಿನಿಂದ ಬಾಗಿ ನನ್ನ ತಲೆ ಸವರಿದಳು. ಇಬ್ಬರೂ ನನ್ನನ್ನು ಪೂರ್ತಿ ನಂಬಿದ್ದರು. ಆ ಹೊತ್ತಿಗೆ ನನ್ನ ಎದೆಯಲ್ಲಿ ಉರಿ ಇರಲಿಲ್ಲ.