ಇಲ್ಲದ ಗೋಡೆಯ ಬಿಸಿ

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ತೆಂಗಿನಗುಂಡಿಯಿಂದ ಸಂತೆಗುಳಿಯವರೆಗೆ ನಾನು ಕಟ್ಟಿದ ಚಿರೆಕಲ್ಲಿನ ಗೋಡೆಗಳಿವೆ. ಒಂದಾದರೂ ವಾಲಿದ್ದನ್ನು ಯಾರಾದರೂ ತೋರಿಸಲಿ.

ಚೌತಿಗೆ ನಮ್ಮ ಕೇರಿಯ ಹೆಂಗಸರೇ ಆಡುವ ನಾಟಕದಲ್ಲಿ ಹೆಂಡತಿಗೆ ಬಂದದ್ದು ಗೋಡೆ ಕಟ್ಟುವ ಗೌಂಡಿಯ ಪಾತ್ರ. ಕೇರಿಗೆ ಇರುವ ಗೌಂಡಿ ನಾನೊಬ್ಬನೇ. ನನ್ನ ಹಳೇ ಅಂಗಿ, ಗಾರೆ ಮೆತ್ತುವ ಕರಣೆ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ಗುಂಡು ಕಟ್ಟಿದ ದಾರ ಕೇಳಿದಳು.

"ಜನ ನನ್ನ ನೋಡಿ ನಗಾಡಿದ್ರೆ, ಮತ್ತೆ ನಾ ಈ ದಾರಿಲಿ ತಿರುಗೂದು ಹೆಂಗೆ?" ಎಂದು ಹೇಳಿಯೇ ಕೊಟ್ಟೆ. ಅವಳು ಅಂಗಿ ಮಡಚಿಕೊಂಡಳು.

ನಾಟಕದ ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಚಪ್ಪರದ ನೀಲಿ ತಾಡಪತ್ರಿಯಿಂದ ಇಳಿದ ಬೆಳಕಿನಲ್ಲಿ ಗಣಪತಿಯ ಸೊಂಡಿಲು, ಕುಳಿತವರ ಮುಖ ಎಲ್ಲವೂ ನೀರಿನಡಿ ಇದ್ದಂತೆ ಕಾಣುತ್ತಿದ್ದವು. ನನ್ನ ಅಂಗಿ ತೊಟ್ಟು, ಮೀಸೆ ಅಂಟಿಸಿಕೊಂಡು ಅವಳು ಬಂದಳು. ದಾರ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ತುಟಿ ಸೊಟ್ಟ ಮಾಡಿದಳು. ಚಪ್ಪರವೆಲ್ಲ ನಕ್ಕಿತು.

ಪಕ್ಕದ ಮನೆಯವನು ತಿವಿದ. "ನೀನೇ ಅಲ್ಲನಾ ಮಾರಾಯ? ಮೀಸೆ ಮಾತ್ರ ನಿಂದಕ್ಕಿಂತ ಲಾಯ್ಕ."

ಎದ್ದು ಹೋಗಲು ಚಪ್ಪಲಿ ಹುಡುಕುತ್ತಿದ್ದೆ. ನಗು ಒಮ್ಮೆಗೇ ನಿಂತಿತು. ತಲೆಯೆತ್ತಿದರೆ ನಾಟಕದಲ್ಲಿ ಸಂಜೆಯಾಗಿ ಕೆಲಸದವರೆಲ್ಲ ಹೋಗಿದ್ದರು. ಅವಳು ಕರಣೆ ತೊಳೆದಿಟ್ಟು, ಬಲಗೈ ಚಾಚಿ, ಗಾಳಿಯಲ್ಲಿ ಅಂಗೈ ಊರಿ ನಿಂತಳು.

ಬಿಸಿಲು ಕುಡಿದ ಚಿರೆಕಲ್ಲು ಸಂಜೆಯಾದರೂ ಬೆಚ್ಚಗಿರುತ್ತದೆ. ಕೆಲಸ ಮುಗಿದ ಮೇಲೆ, ಯಾರೂ ಇಲ್ಲದಾಗ ನಾನು ಹಾಗೆ ಅದಕ್ಕೆ ಅಂಗೈ ಊರಿ ನಿಲ್ಲುತ್ತೇನೆ. ಯಾಕೆಂದು ಕೇಳಿದರೆ ಹೇಳಲು ಬಾರದು. ಮದುವೆಯಾದ ಹೊಸತರಲ್ಲಿ ಅವಳೂ ನನ್ನ ಜೊತೆ ಗಾರೆ ಹೊರಲು ಬರುತ್ತಿದ್ದಳು. ನಾನು ಹಾಗೆ ನಿಲ್ಲುವ ಹೊತ್ತಿಗೆ ಅವಳು ಬಾವಿಕಟ್ಟೆಯಲ್ಲಿ ಬುಟ್ಟಿ ತೊಳೆಯುತ್ತಿರುತ್ತಾಳೆ ಎಂದೇ ತಿಳಿದಿದ್ದೆ.

ಆ ನೀಲಿ ಬೆಳಕಿನಲ್ಲಿ ನನ್ನ ಅಂಗೈ ಬೆಚ್ಚಗಾಯಿತು. ಅವಳ ಕೈಯಡಿ ಗೋಡೆ ಏಳುತ್ತಿತ್ತು, ಸಾಲಿನ ಮೇಲೆ ಸಾಲು, ನಾನು ಮರೆತ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು. ಕಣ್ಣು ಮಂಜಾಯಿತು. ಗೋಡೆ ಹಾಗೇ ಇತ್ತು.

ಮನೆಯಲ್ಲಿ ಅವಳು ತೆಂಗಿನೆಣ್ಣೆ ಹಚ್ಚಿ ಮೀಸೆಯ ಅಂಟು ತೆಗೆಯುತ್ತಿದ್ದಳು. "ಎಂತ, ಏನೂ ಹೇಳುದಿಲ್ಲ?"

ಹೊಗಳಿ ಅಭ್ಯಾಸವಿಲ್ಲ ನನಗೆ. "ಗೋಡೆ ಮೇಲೆ ನಾ ಇಡೂದು ಎಡಗೈ," ಎಂದೆ.

"ಕರಣೆ ಕೈಲಿದ್ರೆ ಎಡಗೈ. ತೊಳೆದಿಟ್ಟ ಮೇಲೆ ಬಲಗೈ. ನಿಮಗೇ ಗೊತ್ತಿಲ್ಲ."

ಮರುದಿನ ಅದೇ ಅಂಗಿ ತೊಟ್ಟು, ಕೇರಿಯ ನಡುವಿನ ದಾರಿಯಲ್ಲೇ ಕೆಲಸಕ್ಕೆ ಹೋದೆ. ಸಂಜೆ ಕರಣೆ ತೊಳೆದಿಟ್ಟು ಗೋಡೆಯ ಹತ್ತಿರ ನಿಂತು ನೋಡಿಕೊಂಡೆ. ಕಲ್ಲಿನ ಮೇಲಿದ್ದದ್ದು ಬಲಗೈ.